ದೊಡ್ಡವ್ವ ಕಲಿತ ಕಾಯದೆ

ನಮ್ಮ ದೊಡ್ಡವ್ವನನ್ನು ಕೇಳದೆ ನಮ್ಮೂರು ಮುಡಬಿಯಲ್ಲಿ ಯಾರೂ ಮನಸ್ಸು ಬಿಚ್ಚಿ ಜಗಳವಾಡುವಂತಿರಲಿಲ್ಲ. ನಂಬುವುದಿಲ್ಲವೇ? ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ, ಎರಡೂ ಕಡೆಯವರು ನಮ್ಮ ಕಟ್ಟೆಗೆ ಬಂದು, "ಇದು ದಿವಾನಿ ಆಗ್ತದೋ ಫೌಜದಾರಿ ಆಗ್ತದೋ ಹೇಳವ್ವ" ಎಂದು ಕೇಳಿ, ಆಮೇಲೆ ಮುಂದಿನ ಬೈಗುಳ ಆರಿಸಿಕೊಳ್ಳುತ್ತಿದ್ದರು.

ಇದು ನಿಜಾಮರ ಕಾಲದ ಮಾತು. ದೊಡ್ಡವ್ವ ನನ್ನ ತಾಯಿಯ ಅಕ್ಕ, ಅಕ್ಷರ ಬಾರದವಳು. ಒಮ್ಮೆ ಅವಳ ಎಮ್ಮೆಯನ್ನು ಪಕ್ಕದ ಮನೆಯವನು ತನ್ನದೆಂದು ಕಟ್ಟಿಕೊಂಡ. ಅವಳು ಹುಮನಾಬಾದಿನ ಕೋರ್ಟಿಗೆ ಹೋದಳು. ಅಲ್ಲಿ ಎಲ್ಲವೂ ಉರ್ದು; ಸಿವಿಲ್ ಖಟ್ಲೆಗೆ ದಿವಾನಿ, ಕ್ರಿಮಿನಲ್ ಖಟ್ಲೆಗೆ ಫೌಜದಾರಿ ಎನ್ನುತ್ತಿದ್ದರು. ತನ್ನ ಪಾಳಿ ಬರುವವರೆಗೆ ಬೇವಿನ ಮರದ ಕೆಳಗೆ ಕೂತು ಕಂಡವರ ಖಟ್ಲೆಗಳನ್ನೆಲ್ಲ ವಿಚಾರಿಸಿದಳು. ಎಮ್ಮೆ ತಿರುಗಿ ಬರುವಷ್ಟರಲ್ಲಿ ಅದರ ಹಿಂದೆ ಎರಡು ಕರು ಇದ್ದವು, ದೊಡ್ಡವ್ವನ ತಲೆಯಲ್ಲಿ ಇಡೀ ಕಾಯದೆ ಇತ್ತು.

ಅವಳ ಕಾಯದೆ ಅಡಿಗೆಮನೆಯಲ್ಲಿ ಕೂತರೂ ತಿಳಿಯುವಂಥದು. "ಕೇಳಿ ಒಯ್ದ ಒನಕಿ ತಿರುಗಿ ಕೊಡಲಿಲ್ಲಂದ್ರ ದಿವಾನಿ. ಕೇಳದ ಒಯ್ದ್ರ ಫೌಜದಾರಿ. ಅದೇ ಒನಕಿಲೆ ತಲಿ ಒಡದ್ರ, ಕೇಳಿ ಒಯ್ದಿದ್ರೂ ಫೌಜದಾರಿ."

ಗಂಡನಿಗೂ ರಿಯಾಯಿತಿ ಇರಲಿಲ್ಲ. ದೊಡ್ಡಪ್ಪ ಒಮ್ಮೆ ಗಡಿಗೆಯ ಬೆಲ್ಲ ತಿಂದು ಸಿಕ್ಕಿಬಿದ್ದ. "ಮನಿ ನಂದೇ ಅದಲ್ಲ, ಕಳವು ಹ್ಯಾಂಗ ಆಗ್ತದ?" ಎಂದ.

"ಮನಿ ನಿಮ್ದುರಿ. ಬೆಲ್ಲ ನನ್ನ ತವರಮನಿದು."

ದೊಡ್ಡಪ್ಪ ತನ್ನ ತಾಯಿಗೆ ಅಪೀಲು ಮಾಡಿಕೊಂಡ. ಅಲ್ಲಿಯೂ ಸೋತ.

ಒಂದು ಸುಗ್ಗಿಯಲ್ಲಿ ಊರಗೌಡರ ಮನೆಯ ಬೆಳ್ಳಿ ಡಾಬು ಕಾಣೆಯಾಯಿತು. ಕುರಿ ಕಾಯುವ ಹೆಣ್ಣುಮಗಳೊಬ್ಬಳನ್ನು ಹಿಡಿದು ತಂದು ಚಾವಡಿಯಲ್ಲಿ ಕೂಡಿಸಿದರು. ದೊಡ್ಡವ್ವ ಹೋಗಿ ಅವಳ ಪಕ್ಕದಲ್ಲಿ ಕೂತಳು.

"ಈಕಿ ಒಯ್ದದ್ದು ನೋಡಿದವರು ಯಾರ್ರಿ?"

"ನೋಡೋದ್ಯಾಕ? ಅಂಗಳಕ್ಕ ಬಂದಿದ್ಲು," ಎಂದರು ಗೌಡರು.

"ಅಂಗಳಕ್ಕ ನಾನೂ ಬಂದಿದ್ದೆ, ನನ್ನೂ ಹಿಡೀರಿ. ಕದ್ದಿಲ್ಲಂತ ಈಕಿ ತೋರಸಬೇಕಾಗಿಲ್ರಿ. ಕದ್ದಾಳಂತ ನೀವು ತೋರಸಬೇಕು."

ಸಂಜೆಗೆ ಡಾಬು ಗೌಡತಿಯ ಪೆಟ್ಟಿಗೆಯಲ್ಲೇ, ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಬಿಟ್ಟುಬಿಡಿ ಎಂದು ಗೌಡರು ಹೇಳಿ ಕಳಿಸಿದರು. ದೊಡ್ಡವ್ವ ಏಳಲಿಲ್ಲ. ಗೌಡರೇ ಬರಬೇಕಾಯಿತು.

"ಎಲ್ಲರ ಮುಂದ ಕಳ್ಳಿ ಅಂದೀರಿ. ಎಲ್ಲರ ಮುಂದ ಅಲ್ಲ ಅನ್ರಿ."

ಗೌಡರು ಅಂದರು. ಮೆಲ್ಲಗೆ ಅಂದದ್ದಕ್ಕೆ ಇನ್ನೊಮ್ಮೆ ಅನ್ನಿಸಿದಳು.

ನನ್ನ ತಾಯಿ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ದೊಡ್ಡವ್ವ. ಅವಳಿಗೆ ಮಕ್ಕಳಿರಲಿಲ್ಲ. ನನಗೆ ಹನ್ನೊಂದು ತುಂಬಿದಾಗ ಅಪ್ಪ ಕಲ್ಯಾಣದಿಂದ ಬಂಡಿ ಕಟ್ಟಿಕೊಂಡು ನನ್ನನ್ನು ಕರೆದೊಯ್ಯಲು ಬಂದ. ದೊಡ್ಡವ್ವ ಏನು ಕಾಯದೆ ತೆಗೆಯುತ್ತಾಳೋ ಎಂದು ಓಣಿಯೆಲ್ಲ ಬಾಗಿಲಲ್ಲಿ ನೆರೆಯಿತು. ಅಪ್ಪನಿಗೂ ಅದೇ ಅಂಜಿಕೆ.

"ಅಕ್ಕಾರ, ನಿಮ್ಮ ಕಾಯದೆ ಏನ್ ಹೇಳ್ತದ?"

ದೊಡ್ಡವ್ವ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಹಡೆದಪ್ಪ. ಕಾಯದೆ ನಿಮ್ಮ ಕಡಿಗೇ ಅದರಿ."

ಎದ್ದು ಹೋಗಿ ನನ್ನ ಬಟ್ಟೆ ಗಂಟು ಕಟ್ಟತೊಡಗಿದಳು. ಒಂದೇ ಲಂಗವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ರುಮಾಲು ತೆಗೆದಿಟ್ಟು ಗೋಡೆಗೆ ಒರಗಿ ಕೂತ.

"ಗಂಟು ಬಿಚ್ಚರಿ ಅಕ್ಕಾರ. ಹಸಿವ್ಯಾಗ್ಯದ, ರೊಟ್ಟಿ ಬಡೀರಿ."

ಅಂದು ದೊಡ್ಡವ್ವನ ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ. ಅಪ್ಪ ಮೂರು ರೊಟ್ಟಿ ಉಂಡು, ನನ್ನ ತಲೆ ಸವರಿ, ಒಬ್ಬನೇ ಕಲ್ಯಾಣಕ್ಕೆ ಹೋದ.