ಪಿರಮಿಡ್ಡಿನೊಳಗೆ ಗಾಳಿ ಕಡಿಮೆಯಿತ್ತೇ?

ಹೆದರಿದಾಗ ಕೆಲವರ ಕೈ ನಡುಗುತ್ತದೆ, ಕೆಲವರ ಬಾಯಿ ಒಣಗುತ್ತದೆ. ನನ್ನ ದನಿ ದಪ್ಪವಾಗುತ್ತದೆ. ದಪ್ಪ ದನಿಯಲ್ಲಿ ನಿಧಾನವಾಗಿ ಮಾತನಾಡುವ ಮನುಷ್ಯನನ್ನು ಯಾರೂ ಪುಕ್ಕಲನೆಂದು ತಿಳಿಯುವುದಿಲ್ಲ. ಹಾಗಾಗಿ ಐವತ್ತೆರಡು ವರ್ಷ ನಾನು ಯಾರ ಕೈಗೂ ಸಿಕ್ಕಿಬೀಳದೆ ಬದುಕಿದ್ದೆ. ಬಚ್ಚಲುಮನೆಯಲ್ಲಿ ಹಲ್ಲಿ ಕಂಡರೆ ಬಾಗಿಲಲ್ಲೇ ನಿಂತು, ಈ ಕಿಟಕಿಗೆ ಜಾಲರಿ ಹಾಕಿಸಬೇಕು ಎಂದು ಗಂಭೀರವಾಗಿ ಹೇಳುತ್ತೇನೆ. ಅಷ್ಟರಲ್ಲಿ ಹೆಂಡತಿ ವಸಂತಿ ಪೊರಕೆ ತಂದು ಹಲ್ಲಿಯನ್ನು ಓಡಿಸಿರುತ್ತಾಳೆ. ವಿಮಾನ ಅಲುಗಾಡಿದರೆ ಪಕ್ಕದ ಸೀಟಿನವರ ಬೆಲ್ಟ್ ಸರಿಯಾಗಿದೆಯೇ ಎಂದು ವಿಚಾರಿಸುತ್ತೇನೆ. ಅವರು ನನ್ನನ್ನು ಜವಾಬ್ದಾರಿಯ ಮನುಷ್ಯ ಎಂದುಕೊಂಡು ಧನ್ಯವಾದ ಹೇಳುತ್ತಾರೆ. ನಾನು ಧನ್ಯವಾದವನ್ನು ಇಟ್ಟುಕೊಳ್ಳುತ್ತೇನೆ.

ಇಂಥ ಸ್ವಭಾವದವನಿಗೆ ಹೊಂದುವ ಉದ್ಯೋಗ ಜಗತ್ತಿನಲ್ಲಿ ಒಂದೇ ಇದೆ, ಅದು ನನಗೆ ಸಿಕ್ಕಿದೆ. ನಾನು ದೋಹಾದ ಹತ್ತಿರದ ಲುಸೈಲ್‌ನಲ್ಲಿ ಏಳುತ್ತಿರುವ ಒಂದು ದೊಡ್ಡ ಕಟ್ಟಡದ ಸೇಫ್ಟಿ ಆಫೀಸರ್. ಉಳಿದವರು ಹೆದರದೆ ಕೆಲಸ ಮಾಡಲಿ ಎಂದು ಅವರ ಪರವಾಗಿ ಹೆದರುವುದಕ್ಕೆ ಕಂಪನಿ ನನಗೆ ಸಂಬಳ ಕೊಡುತ್ತದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಕಾರ್ಮಿಕರನ್ನು ಸಾಲಾಗಿ ನಿಲ್ಲಿಸಿ, ಎತ್ತರದಲ್ಲಿ ಹೇಗಿರಬೇಕು, ಇಕ್ಕಟ್ಟಾದ ಜಾಗದೊಳಗೆ ಇಳಿದಾಗ ಹೇಗೆ ಉಸಿರಾಡಬೇಕು ಎಂದು ಹಿಂದಿಯಲ್ಲಿ ಹೇಳುತ್ತೇನೆ. ಆ ಇಕ್ಕಟ್ಟಾದ ಜಾಗಗಳಿಗೆ ನಾನು ಸ್ವತಃ ಇಳಿದದ್ದು ಕಡಿಮೆ. ಮೇಲೆ ನಿಂತು ಟಾರ್ಚ್ ಹಿಡಿಯುವುದೂ ಒಂದು ಕೆಲಸವೇ. ಆದರೆ ನಾನು ಅಂಗೈ ಎತ್ತಿ "ಸ್ಟಾಪ್" ಎಂದರೆ ಕ್ರೇನ್ ಕೂಡ ನಿಲ್ಲುತ್ತದೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಮೊದಲು ನಿಲ್ಲಬೇಕು, ಆಮೇಲೆ ಕೇಳಬೇಕು ಎನ್ನುವುದು ಸೈಟಿನ ನಿಯಮ. ಆಮೇಲೆಯೂ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ವಸಂತಿ ಊರಿನಲ್ಲಿ, ಪುತ್ತೂರಿನ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ, ಹನ್ನೊಂದು ವರ್ಷ ಸಮಾಜ ಪಾಠ ಮಾಡಿದವಳು. ನಾನು ದೋಹಾದಲ್ಲಿ ಒಬ್ಬನೇ ಇದ್ದು ಅಡುಗೆಯ ಹೆಸರಿನಲ್ಲಿ ಮೊಟ್ಟೆ ಬೇಯಿಸಿಕೊಂಡು ದಿನ ಕಳೆಯುತ್ತಿದ್ದುದನ್ನು ನೋಡಿ ಕೆಲಸ ಬಿಟ್ಟು ಬಂದಳು. ಈಗ ನಾವು ಮದೀನತ್ ಖಲೀಫಾ ಬಡಾವಣೆಯಲ್ಲಿ, ಒಂದು ವಿಲ್ಲಾವನ್ನು ಐದು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರಲ್ಲಿ ಒಂದು ಪಾಲಿನಲ್ಲಿದ್ದೇವೆ. ಶಾಲೆಯ ಬಗ್ಗೆ ಅವಳು ಹೆಚ್ಚು ಮಾತನಾಡುವುದಿಲ್ಲ. ಪ್ರತಿ ವರ್ಷ ಈಜಿಪ್ಟಿನ ಪಾಠ ಬಂದಾಗ ದೊಡ್ಡ ಪಿರಮಿಡ್ಡನ್ನು ಸೀಳಿ ತೋರಿಸಿದ ಹಾಗೆ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ ಎಂದು ಮಾತ್ರ ಆಗಾಗ ಹೇಳುತ್ತಾಳೆ. ಇಲ್ಲಿ ಬಾಗಿಲು, ಇಲ್ಲಿಂದ ಮೇಲೇರುವ ಸಣ್ಣ ದಾರಿ, ಆಮೇಲೆ ಎತ್ತರದ ಓಣಿ, ಕೊನೆಗೆ ರಾಜನ ಕೋಣೆ. ಒಮ್ಮೆ ಒಂದು ಹುಡುಗಿ, ಟೀಚರ್ ನೀವು ಒಳಗೆ ಹೋಗಿದ್ದೀರಾ ಎಂದು ಕೇಳಿದಳಂತೆ. ಇಲ್ಲ ಎಂದದ್ದಕ್ಕೆ, ಮತ್ತೆ ನಿಮಗೆ ಹೇಗೆ ಗೊತ್ತು ಎಂದಳಂತೆ. ವಸಂತಿ ದೋಹಾಕ್ಕೆ ಬಂದ ಒಂಬತ್ತು ವರ್ಷಗಳಲ್ಲಿ ನನ್ನ ಬಳಿ ಬಾಯಿಬಿಟ್ಟು ಕೇಳಿದ್ದು ಎರಡೇ: ಬಾಲ್ಕನಿಯಲ್ಲಿಡಲು ಒಂದು ಕರಿಬೇವಿನ ಗಿಡ, ಮತ್ತು ಆ ಕೋಣೆಯೊಳಗೆ ಒಮ್ಮೆ ನಿಲ್ಲುವುದು. ಕರಿಬೇವು ಬೇಗ ಸಿಕ್ಕಿತು. ಇನ್ನೊಂದನ್ನು ನಾನು ಬಿಸಿಲು, ರಜೆಯ ಅಭಾವ, ಪತ್ರಿಕೆಯ ಸುದ್ದಿ ಇತ್ಯಾದಿ ದಪ್ಪ ದನಿಯ ಕಾರಣಗಳನ್ನು ಕೊಟ್ಟು ಮುಂದೂಡುತ್ತ ಬಂದೆ.

ಈ ಸಲ ಈದ್ ರಜೆಗೆ ನಮ್ಮ ಪರಿಚಯದವರೇ ಹದಿನೆಂಟು ಜನ ಸೇರಿ ಐದು ದಿನದ ಈಜಿಪ್ಟ್ ಪ್ರವಾಸ ಏರ್ಪಾಡು ಮಾಡಿದಾಗ ಕಾರಣಗಳು ಮುಗಿದಿದ್ದವು. ಹೆಚ್ಚಿನವರು ಕರಾವಳಿಯವರು, ಇಬ್ಬರು ಮೂವರು ಮೈಸೂರಿನ ಕಡೆಯವರು. ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಸೈಟಿನ ಧೂಳು ಕುಡಿದವರೇ. ನಮ್ಮ ನಾಯಕರೆಂದರೆ ಜಗನ್ನಾಥ ಶೆಟ್ರು. ಜಿಪ್ಸಮ್ ಸೀಲಿಂಗ್ ಕಾಂಟ್ರಾಕ್ಟು ಮಾಡುವ ಅವರು ಯಾವ ದೇವಾಲಯದೊಳಗೆ ಹೋದರೂ ಮೊದಲು ಛಾವಣಿ ನೋಡಿ, ಕೆಲಸ ಒಳ್ಳೆಯದು ಮಾಡಿದ್ದಾರೆ ಎಂದು ಫರೋಹನಿಗೆ ಸರ್ಟಿಫಿಕೇಟು ಕೊಡುತ್ತಿದ್ದರು. ಗೈಡ್ ಹಾನಿ ಎಂಬ ತೆಳ್ಳಗಿನ ಮನುಷ್ಯ. ರಾಜರ ಹೆಸರುಗಳನ್ನು ಸ್ವಂತ ಚಿಕ್ಕಪ್ಪಂದಿರ ಹೆಸರುಗಳಂತೆ ಸಲೀಸಾಗಿ ಹೇಳುತ್ತಿದ್ದ. ನಾವು ನೆರಳು ಹುಡುಕುತ್ತ ಚದುರಿದರೆ ಬೇಸರಿಸದೆ ಯಲ್ಲಾ, ಯಲ್ಲಾ ಎಂದು ಕರೆದು ಒಟ್ಟು ಮಾಡುತ್ತಿದ್ದ. ವಸಂತಿ ಅವನು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡು ಕಡೆ ಅವನನ್ನು ತಿದ್ದಿದಳು. ಒಂದು ಕಡೆ ಅವನು ಒಪ್ಪಿದ.

ನಾಲ್ಕನೆಯ ದಿನ ದೊಡ್ಡ ಪಿರಮಿಡ್ಡು. ಇಲ್ಲಿಂದ ಮುಂದೆ ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಏಕೆಂದರೆ ಆ ದಿನ ಹಾಗೆ ಹೇಳಲಿಲ್ಲ. ಗೈಡುಗಳು ಪಿರಮಿಡ್ಡಿನೊಳಗೆ ಬರುವ ಪದ್ಧತಿಯಿಲ್ಲ, ಹಾನಿ ಹೊರಗೇ ಉಳಿದ. ಮುಂದೆ ಇಬ್ಬರು ಪರದೇಶದ ಯುವಕರು, ಅವರ ಹಿಂದೆ ನಾನು, ನನ್ನ ಹಿಂದೆ ವಸಂತಿ, ಅವಳ ಹಿಂದೆ ಶೆಟ್ರು, ಆಮೇಲೆ ಉಳಿದ ಹದಿನೈದು ಜನ. ಸ್ವಲ್ಪ ದೂರ ನೆಟ್ಟಗೆ ನಡೆದ ಮೇಲೆ ಮೇಲೇರುವ ದಾರಿ ಶುರುವಾಗುತ್ತದೆ. ಅದರ ಎತ್ತರ ನನ್ನ ಎದೆಯಷ್ಟು. ಸೊಂಟ ಬಗ್ಗಿಸಿ, ಹಲಗೆಗೆ ಹೊಡೆದ ಅಡ್ಡಪಟ್ಟಿಗಳ ಮೇಲೆ ಕಾಲಿಟ್ಟು, ಎರಡೂ ಕಡೆಯ ಕಂಬಿ ಹಿಡಿದು ಏರಬೇಕು. ಅದೇ ದಾರಿಯಲ್ಲಿ ಇಳಿದು ಬರುವವರೂ ಇರುತ್ತಾರೆ, ಗೋಡೆಗೆ ಒತ್ತಿಕೊಂಡು ಅವರಿಗೆ ಜಾಗ ಬಿಡಬೇಕು. ದೀಪಗಳಿದ್ದವು. ಎಲ್ಲೋ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಸೆಕೆಯಿತ್ತು, ದೋಹಾದ ಆಗಸ್ಟಿಗಿಂತ ಕಡಿಮೆ. ನಲವತ್ತು ಹೆಜ್ಜೆ ಏರಿರಬಹುದು. ಮುಂದಿನ ಯುವಕರು ಯಾರಿಗೋ ದಾರಿ ಬಿಡಲು ನಿಂತರು. ನಾನೂ ನಿಂತೆ. ನಿಂತವನು ಮೇಲೆ ನೋಡಿದೆ. ಮೇಲೆ ಕಲ್ಲಿತ್ತು. ಆ ಕಲ್ಲಿನ ಮೇಲೆ ಏನಿದೆ ಎಂದು ಯೋಚಿಸಿದೆ. ಅದರ ಮೇಲೂ ಕಲ್ಲೇ.

ಏನೂ ಅಲುಗಲಿಲ್ಲ, ಯಾರೂ ಕೆಮ್ಮಲಿಲ್ಲ. ನನ್ನಮ್ಮನ ವಯಸ್ಸಿನ ಒಬ್ಬ ಬಿಳಿ ಹೆಂಗಸು ಮೇಲಿನಿಂದ ಇಳಿದು ಬಂದು ನನಗೆ ಗುಡ್ ಮಾರ್ನಿಂಗ್ ಹೇಳಿ ಹೋದಳು. ಅವಳು ದಾಟಿ ಹೋದ ಮೇಲೆ ನನ್ನ ದನಿ ನನಗೇ ಕೇಳಿಸಿತು, ಸೈಟಿನಲ್ಲಿಯೂ ಅಷ್ಟು ದಪ್ಪವಾಗಿ ಕೇಳಿಸಿರಲಿಲ್ಲ.

"ಸ್ಟಾಪ್. ಒಳಗೆ ಗಾಳಿ ಸಾಲದು. ಎಲ್ಲರೂ ಹಿಂದೆ ತಿರುಗಿ. ನೂಕಬೇಡಿ. ಯಲ್ಲಾ."

ಬೇರೆ ಯಾವ ಗುಂಪಾಗಿದ್ದರೂ ಯಾರಾದರೂ ಒಬ್ಬರು ಯಾಕೆ ಎಂದು ಕೇಳುತ್ತಿದ್ದರು. ಇವರು ದೋಹಾದ ಸೈಟುಗಳಲ್ಲಿ ಪಳಗಿದವರು. ಶೆಟ್ರು ನನ್ನ ಮಾತನ್ನು ಅಷ್ಟೇ ಗಂಭೀರವಾಗಿ ಹಿಂದಕ್ಕೆ ದಾಟಿಸಿದರು, ಅದು ಬಾಯಿಂದ ಬಾಯಿಗೆ ಇಳಿಯುತ್ತ ಹೋಯಿತು, ಸಾಲು ಶಿಸ್ತಿನಿಂದ ತಿರುಗಿತು. ವಸಂತಿಯೊಬ್ಬಳು ತಿರುಗಲಿಲ್ಲ. ಬಗ್ಗಿಕೊಂಡೇ ನನ್ನ ಪಕ್ಕದಿಂದ ಮೇಲಕ್ಕೆ ನೋಡಿದಳು.

"ಇನ್ನು ಸ್ವಲ್ಪವೇ ಉಂಟು. ಇದು ಮುಗಿದರೆ ಎತ್ತರದ ಓಣಿ, ನೆಟ್ಟಗೆ ನಿಲ್ಲಬಹುದು" ಎಂದಳು. ಅದು ಅವಳಿಗೆ ಬಾಯಿಪಾಠವಾದ ದಾರಿ.

ನಾನು ತಿರುಗು ಎಂದೆ. ಅವಳು ತಿರುಗಿದಳು.

ಹೊರಗೆ ಬಂದಾಗ ನನಗೆ ಸಿಕ್ಕಿದ ಮರ್ಯಾದೆ ಲುಸೈಲ್‌ನಲ್ಲಿ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ. ಒಬ್ಬರು ನೀರು ಕೊಟ್ಟರು, ಒಬ್ಬರು ಕೂರಲು ಜಾಗ ಮಾಡಿದರು. "ನೀವಿದ್ದದ್ದಕ್ಕೆ ಆಯ್ತು ಮಾರಾಯ್ರೆ. ಇಲ್ಲದಿದ್ರೆ ನಾವು ಅಲ್ಲಿಯೇ ಮಮ್ಮಿ ಆಗ್ತಿದ್ವು" ಎಂದು ಶೆಟ್ರು ನನ್ನ ಬೆನ್ನು ತಟ್ಟಿದರು. ಹಾನಿ ಮಾತ್ರ ಗಾಬರಿಯಾಗಿ, ಯಾರಾದರೂ ತಲೆ ಸುತ್ತಿ ಬಿದ್ದರೇ ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳಿದ. ಬೀಳುವ ಮೊದಲೇ ನಮ್ಮ ಆಫೀಸರ್ ತಡೆದರು ಎಂದು ಶೆಟ್ರು ಉತ್ತರ ಕೊಟ್ಟರು. ನಾನು ನೀರು ಕುಡಿಯುತ್ತಿದ್ದೆ. ಬಸ್ಸು ಹೊರಟ ಮೇಲೆ ವಸಂತಿ ಮೆಲ್ಲಗೆ, ನಿಜವಾಗಿ ಗಾಳಿ ಕಡಿಮೆಯಿತ್ತಾ ಎಂದು ಕೇಳಿದಳು. ನಾವಿಬ್ಬರೇ ಇದ್ದಾಗ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು "ಸ್ವಲ್ಪ" ಎಂದೆ. "ಹಾಗಾದರೆ ಸರಿ" ಎಂದು ಕಿಟಕಿಯ ಕಡೆ ತಿರುಗಿದಳು. ಬಸ್ಸಿನ ಆ ಬದಿಯಿಂದ ಪಿರಮಿಡ್ಡು ಬಹಳ ಹೊತ್ತು ಕಾಣುತ್ತದೆ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ಅವಳು ನಂಬಿದಳು, ಅದಕ್ಕೆ ಅಭ್ಯಾಸವಿರಲಿಲ್ಲ. ಮಧ್ಯಾಹ್ನ ಮ್ಯೂಸಿಯಮ್ಮಿನಲ್ಲಿ ಅವಳು ಪುಸ್ತಕವನ್ನು ಚೀಲದಿಂದ ತೆಗೆಯಲೇ ಇಲ್ಲ.

ರಾತ್ರಿ ಊಟದ ಹೊತ್ತಿಗೆ ಹಾನಿ ಹೋಟೆಲಿಗೆ ಬಂದ. ಮರುದಿನ ಸಂಜೆ ನಮ್ಮ ವಿಮಾನ. ಬೆಳಗಿನ ಪೇಟೆ ಸುತ್ತುವುದನ್ನು ಬಿಟ್ಟರೆ ಪಿರಮಿಡ್ಡಿನೊಳಗೆ ಇನ್ನೊಮ್ಮೆ ಹೋಗಲು ಸಮಯವಿದೆ ಎಂದ. ಟಿಕೆಟನ್ನು ಮಾತ್ರ ಹೊಸದಾಗಿ ಕೊಳ್ಳಬೇಕು. ವಸಂತಿ ಚಮಚವನ್ನು ತಟ್ಟೆಯಲ್ಲಿಟ್ಟು ತಲೆಯೆತ್ತಿದಳು. ಆದರೆ ನಾಯಕರು ಶೆಟ್ರು. ಸೇಫ್ಟಿ ಆಫೀಸರ್ ಬೇಡ ಎಂದ ಜಾಗಕ್ಕೆ ನಾವು ಕಾಲಿಡುವುದಿಲ್ಲ, ಖಲಾಸ್, ಎಂದುಬಿಟ್ಟರು. ಎಲ್ಲರೂ ತಲೆಯಾಡಿಸಿದರು. ಅವಳು ಚಮಚವನ್ನು ಮತ್ತೆ ಕೈಗೆತ್ತಿಕೊಂಡಳು. ಹಾನಿ ಸ್ವಲ್ಪ ಯೋಚಿಸಿ ನನ್ನ ಮುಂದೆ ಒಂದು ಹಾಳೆ, ಒಂದು ಪೆನ್ನು ಇಟ್ಟ. ಒಳಗೆ ನಿಜವಾಗಿಯೂ ತೊಂದರೆಯಿದ್ದರೆ ಅಲ್ಲಿಯ ಆಫೀಸಿಗೆ ತಿಳಿಸುವುದು ತನ್ನ ಕರ್ತವ್ಯ, ತಾವು ಈ ವಿಷಯದ ತಜ್ಞರು, ಎರಡು ಸಾಲು ಬರೆದುಕೊಡಬೇಕು ಎಂದು ವಿನಯದಿಂದ ಕೇಳಿದ.

ರಿಪೋರ್ಟು ಬರೆಯುವುದರಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಅದಕ್ಕೆ ಮೂರೇ ಪ್ರಶ್ನೆಗಳು, ಹೊಸಬರಿಗೆ ನಾನೇ ಕಲಿಸುತ್ತೇನೆ: ಏನು ಕಂಡಿರಿ, ಏನು ಕೇಳಿದಿರಿ, ಏನು ಅಳೆದಿರಿ. ಊಹೆಯನ್ನು ಬರೆಯಕೂಡದು. ನಾನು ಪೆನ್ನು ಹಿಡಿದು ತಾರೀಖು ಹಾಕಿದೆ, ಜಾಗದ ಹೆಸರು ಬರೆದೆ. ಕಂಡದ್ದು ಕಲ್ಲು. ಕೇಳಿದ್ದು ಫ್ಯಾನಿನ ಸದ್ದು ಮತ್ತು ಒಂದು ಗುಡ್ ಮಾರ್ನಿಂಗ್. ಅಳೆದದ್ದು ಏನೂ ಇಲ್ಲ. ಹದಿನೇಳು ಜನ ಊಟ ಬಿಟ್ಟು ನನ್ನ ಪೆನ್ನನ್ನೇ ನೋಡುತ್ತಿದ್ದರು. ಪೆನ್ನನ್ನು ಕೆಳಗಿಟ್ಟು ಮಾತನಾಡಲು ಹೋದಾಗ, ದಪ್ಪ ದನಿ ಯಾಕೋ ಬರಲಿಲ್ಲ.

"ಒಳಗೆ ಗಾಳಿ ಬೇಕಾದಷ್ಟಿತ್ತು" ಎಂದೆ. "ನನಗೆ ಹೆದರಿಕೆಯಾಯಿತು. ಅಷ್ಟೇ."

ಯಾರೋ ಒಬ್ಬರು ಜೋರಾಗಿ ನಕ್ಕಿದ್ದರೆ ಸುಲಭವಾಗುತ್ತಿತ್ತು. ಶೆಟ್ರು ನನ್ನನ್ನು ಬಹಳ ಹೊತ್ತು, ಬಿರುಕು ಬಿಟ್ಟ ಸೀಲಿಂಗನ್ನು ನೋಡುವಂತೆ ನೋಡಿದರು.

"ಅದನ್ನು ಅಲ್ಲಿಯೇ ಹೇಳಬಾರದಿತ್ತಾ ಮಾರಾಯ್ರೆ? ಒಬ್ಬರು ಹೊರಗೆ ಬಂದ್ರೆ ಸಾಕಿತ್ತು. ಹದಿನೆಂಟು ಜನ ಯಾಕೆ?"

ಹೋಗುವವರೆಲ್ಲರ ಟಿಕೆಟಿನ ಖರ್ಚು ನನ್ನ ಪಾಲಿಗೆ ಇರಲಿ ಎಂದಷ್ಟೇ ಹೇಳಿದೆ. ವಸಂತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಹಾನಿಯ ಕಡೆ ತಿರುಗಿ, ಬೆಳಿಗ್ಗೆ ಎಷ್ಟು ಗಂಟೆಗೆ ತಯಾರಾಗಿರಬೇಕು ಎಂದು ಕೇಳಿದಳು.

ಬೆಳಿಗ್ಗೆ ಹನ್ನೆರಡು ಜನ ಒಳಗೆ ಹೋದರು. ಉಳಿದವರಲ್ಲಿ ಕೆಲವರಿಗೆ ಪೇಟೆಯ ಕೆಲಸವಿತ್ತು. ಶೆಟ್ರಿಗೆ ರಾತ್ರೋರಾತ್ರಿ ಮೊಣಕಾಲು ನೋವು ಬಂದಿತ್ತು. ಯಾವ ಕಾಲು ಎಂದು ನಾನು ಕೇಳಲಿಲ್ಲ, ಕೇಳುವ ಅಧಿಕಾರ ನನಗಿರಲಿಲ್ಲ. ಇಬ್ಬರೂ ಹೊರಗೆ ಒಂದು ಕಲ್ಲಿನ ಮೇಲೆ ಕೂತು, ಅವರು ಮನೆಯಿಂದ ತಂದಿದ್ದ ಚಕ್ಕುಲಿ ತಿಂದೆವು. ನಾನು ಮನಸ್ಸಿನಲ್ಲೇ ವಸಂತಿಯ ಜೊತೆ ಏರತೊಡಗಿದೆ. ಈಗ ಬಗ್ಗಿರುತ್ತಾಳೆ, ಈಗ ನಾವು ನಿಂತ ಜಾಗಕ್ಕೆ ಬಂದಿರುತ್ತಾಳೆ, ಅಲ್ಲಿ ಒಂದು ಕ್ಷಣ ನಿಂತು ನನ್ನನ್ನು ನೆನೆದಿರುತ್ತಾಳೆ, ಇವರೂ ಇರಬೇಕಿತ್ತು ಎಂದುಕೊಂಡಿರುತ್ತಾಳೆ. ಎಲ್ಲರೆದುರು ಮಾನ ಕಳೆದುಕೊಂಡು ಹೆಂಡತಿಯ ಆಸೆ ನಡೆಸಿಕೊಟ್ಟ ಗಂಡನ ಬಗ್ಗೆ ನನಗೇ ಕನಿಕರ ಉಕ್ಕಿ, ಕಣ್ಣು ಒದ್ದೆಯಾಯಿತು. ಧೂಳು ಎಂದು ಶೆಟ್ರಿಗೆ ಹೇಳಿದೆ. ಅವರು ಹೌದು, ಇಲ್ಲಿ ಧೂಳು ಜಾಸ್ತಿ ಎಂದರು.

ಮುಕ್ಕಾಲು ಗಂಟೆಯಾದ ಮೇಲೆ ಅವಳು ಹೊರಗೆ ಬಂದಳು. ಕೂದಲು ಬೆವರಿಗೆ ಹಣೆಗಂಟಿತ್ತು, ಚೂಡಿದಾರದ ತೋಳಿಗೆ ಗೋಡೆಯ ಧೂಳು ಮೆತ್ತಿತ್ತು. ಮೆಟ್ಟಿಲುಗಳನ್ನು ಅವಸರವಿಲ್ಲದೆ ಇಳಿದು ಬಂದು ನನ್ನ ಪಕ್ಕದಲ್ಲಿ ಕೂತಳು. ಶೆಟ್ರು ಒಳಗೆ ಎಂತ ಉಂಟು ಟೀಚರ್ ಎಂದು ಕೇಳಿದರು.

"ಎಂತದೂ ಇಲ್ಲ. ಒಂದು ಕಲ್ಲಿನ ತೊಟ್ಟಿ. ಮುಚ್ಚಳ ಇಲ್ಲ, ಒಂದು ಮೂಲೆ ಒಡೆದಿದೆ" ಎಂದಳು. ನಷ್ಟವಾದವಳ ಮುಖವಲ್ಲ ಅದು. ತೋಳಿನ ಧೂಳು ಕೊಡವುತ್ತ, "ಬೋರ್ಡಿನಲ್ಲಿ ಜಾಗ ಸಾಲದೆ ಆ ಕೋಣೆಯನ್ನು ನಾನು ಯಾವಾಗಲೂ ಸಣ್ಣದಾಗಿ ಬಿಡಿಸ್ತಿದ್ದೆ. ಎಷ್ಟು ದೊಡ್ಡದುಂಟು ಗೊತ್ತಾ" ಎಂದಳು. ಎಷ್ಟು ಮಕ್ಕಳಿಗೆ ತಪ್ಪು ಕಲಿಸಿದೆನೋ ಎಂದು ಲೆಕ್ಕ ಹಾಕುವವಳಂತೆ ಪಿರಮಿಡ್ಡಿನ ಕಡೆ ನೋಡುತ್ತ ಕೂತಳು.

ನಾನು ಸುಮ್ಮನಿರಬಹುದಿತ್ತು. ಶೆಟ್ರು ಕೈ ತೊಳೆಯಲು ಎದ್ದು ಹೋದದ್ದೇ, ಒಳಗೆ ನನ್ನ ನೆನಪಾಯಿತಾ ಎಂದು ಕೇಳಿಯೇಬಿಟ್ಟೆ.

ವಸಂತಿ ಯೋಚಿಸಿದಳು. ಉತ್ತರಪತ್ರಿಕೆ ತಿದ್ದುವವರ ಹಾಗೆ ನ್ಯಾಯವಾಗಿ, ಮೊದಲಿನಿಂದ ಕೊನೆಯವರೆಗೆ ನೆನಪು ಮಾಡಿಕೊಂಡಳು. "ಇಲ್ಲ" ಎಂದಳು. ಆಮೇಲೆ, ನನಗೆ ಬೇಸರವಾದೀತೆಂದೋ ಏನೋ, "ಇಳಿಯುವಾಗ ಒಂದು ಕಡೆ ಕಲ್ಲು ತಲೆಗೆ ತಾಗಿತು. ಆಗ ಆಯಿತು" ಎಂದಳು.