ಬಾಗದ ಬೆರಳು, ತಡವಾದ ಬಿಲ್ಲು

ಅಂಕಗಳ ವಿಷಯದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕೊಡುವ ಕಡೆಯವಳು. ಪಡೆಯುವ ಕಡೆ ನಿಂತು ರೂಢಿಯಿಲ್ಲ. ಯಂಕಂಚಿ ಶಾಲೆಯ ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಧಾರಾಳವಾಗಿ ಕೆಂಪು ಶಾಯಿ ಹರಿಸಿದ ನನಗೂ ಯಾರೋ ಅಂಕ ಹಾಕುತ್ತಿದ್ದಾರೆ, ಅದೂ ನನ್ನ ಮುಖ ನೋಡದೆ, ಎಂದು ಗೊತ್ತಾದದ್ದು ಸ್ಕೂಟಿ ಸಾಲಕ್ಕೆ ಅರ್ಜಿ ಹಾಕಿದಾಗ. "ನಿಮ್ಮ ಕ್ರೆಡಿಟ್ ಸ್ಕೋರ್ ಕಮ್ಮಿ ಬಂದೈತ್ರಿ ಅಕ್ಕೋರ," ಎಂದರು ಸಿಂದಗಿಯ ನಮ್ಮ ಬ್ಯಾಂಕಿನ ಸಾಹೇಬರು. ಮಿಕ್ಸರ್ ಕೊಂಡ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ನಾನು ನಲವತ್ತು ದಿನ ತಡವಾಗಿ ಕಟ್ಟಿದ್ದೆನಂತೆ.

ಕಟ್ಟಿದ್ದು ತಡವಾಗಿಯೇ, ನಿಜ. ಆದರೆ ಆಗ ನಾನು ಚಿಕುನ್‌ಗುನ್ಯಾ ಹಿಡಿದು ಮಲಗಿದ್ದೆ. ತಲೆ ಬಾಚಲು ಕೈ ಏಳದು, ರೊಟ್ಟಿ ಮುರಿಯಲು ಬೆರಳು ಬಾಗದು. ನಮ್ಮ ಮನೆಯವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ತಿನ್ನಿಸುತ್ತಿದ್ದರು; ಮದುವೆಯಾದ ಹೊಸದರಲ್ಲೂ ಆಗದಿದ್ದ ಉಪಚಾರ. ನಮ್ಮ ಕಡೆ ಒಬ್ಬರು ಮಲಗಿದರೆ ಮಾತಾಡಿಸಲು ಊರೇ ಬರುತ್ತದೆ. ಇಂಡಿ ಊರಿನ ನಾದಿನಿ ಒಂದು ಚೀಲ ಲಿಂಬೆಹಣ್ಣು ತಂದಳು. ಮುದ್ದೇಬಿಹಾಳದ ಚಿಕ್ಕಮ್ಮ ನಾನು ಉಳಿಯುವುದಿಲ್ಲ ಎಂಬಂತೆ ಅತ್ತು, ಎರಡು ಸಲ ಚಹಾ ಕುಡಿದು ಹೋದರು. ಈ ಸಾಹೇಬರೂ ಹೆಂಡತಿಯೊಡನೆ ಬ್ರೆಡ್ಡು, ಮೋಸಂಬಿ ಹಿಡಿದು ಬಂದಿದ್ದರು. "ಕಾರ್ಡಿನ ಬಿಲ್ ಒಂದು ಉಳದೈತ್ರಿ ಸಾಹೇಬ್ರ," ಎಂದು ನರಳುತ್ತಲೇ ಹೇಳಿದ್ದೆ. "ಬಿಲ್ ಎಲ್ಲಿ ಓಡಿ ಹೋಗ್ತೈತ್ರಿ? ಮೊದಲ ಆರಾಮ ಆಗ್ರಿ," ಎಂದಿದ್ದರು. ಬ್ಯಾಂಕಿನವರೇ ಹೇಳಿದ ಮೇಲೆ ಅದು ಆದೇಶವಲ್ಲವೇ? ಶಿಸ್ತಿನಿಂದ ಪಾಲಿಸಿದೆ.

ಅದನ್ನು ನೆನಪಿಸಿದರೆ, "ಅವತ್ತ ನಾ ಮನಷ್ಯಾ ಆಗಿ ಬಂದಿದ್ದೆರಿ, ಬ್ಯಾಂಕ್ ಆಗಿ ಅಲ್ಲ," ಎಂದುಬಿಟ್ಟರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜ್ವರ ಹೋದರೂ ಮೊಣಕಾಲಿನ ನೋವು ಹೋಗಿಲ್ಲ. ಬಸ್ಸಿಳಿದು ಕುಂಟುತ್ತ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ರೋಗ ಬಂದದ್ದಕ್ಕೆ ಸ್ಕೂಟಿ ಬೇಕು. ರೋಗ ಬಂದದ್ದಕ್ಕೇ ಸ್ಕೂಟಿ ಇಲ್ಲ. ಇದೆಂಥ ನ್ಯಾಯ?

"ಹೋಗ್ಲಿ ಬಿಡು, ನನ್ನ ಹೆಸರಿಲೆ ಸಾಲ ತಗೊಳ್ಳೋಣು," ಎಂದರು ಮನೆಯವರು.

"ಬ್ಯಾಡ. ತಪ್ಪ ಮಾಡದಾಕಿ ನಾ ಯಾಕ ಹಿಂದ ಸರೀಬೇಕು?" ಎಂದೆ.

ಕಡತ ಸಿದ್ಧಮಾಡಿದೆ. ಡಾಕ್ಟರ ಚೀಟಿ, ರಕ್ತ ಪರೀಕ್ಷೆಯ ವರದಿ, ಊದಿದ ಬೆರಳುಗಳ ಫೋಟೋ. ಇಷ್ಟು ಸಾಲದೆಂದು ಇಡೀ ವರ್ಷದ ಖಾತೆ ವಿವರವನ್ನೂ ತೆಗೆಸಿ, ಹೊತ್ತಿಗೆ ಸರಿಯಾಗಿ ಕಟ್ಟಿದ ಪ್ರತಿಯೊಂದರ ಕೆಳಗೂ ಕೆಂಪು ಗೆರೆ ಎಳೆದೆ. ಅದನ್ನು ಸಾಹೇಬರ ಮೇಜಿನ ಮೇಲೆ ಸದ್ದಾಗುವಂತೆ ಇಟ್ಟು, "ನೋಡ್ರಿ, ನಾ ಎಂಥಾಕಿ ಅಂತ!" ಎಂದೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದೇ ಅಷ್ಟು ಗಟ್ಟಿಯಾಗಿ ಹೇಳಿದ್ದೆ.

ಸಾಹೇಬರು ಮೆತ್ತಗಾದರು. ತಡವಾದದ್ದು ನಿಜವಾದ್ದರಿಂದ ಅದನ್ನು ಅಳಿಸಲಾಗದು. ಆದರೆ ಕಾಯಿಲೆಯ ಕಾರಣ ಬರೆದು ಸಾಲಕ್ಕೆ ಮೇಲಿನವರಿಗೆ ಶಿಫಾರಸು ಮಾಡಬಹುದು ಎಂದರು. ಬರೆಯುತ್ತ ಖಾತೆಯ ಹಾಳೆ ತಿರುವಿದವರು ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು.

"ಅಕ್ಕೋರ, ಬೆರಳ ಬಾಗ್ತಿದ್ದಿಲ್ಲ ಅಂದ್ರಿ?"

"ಒಟ್ಟ ಬಾಗ್ತಿದ್ದಿಲ್ರಿ."

"ಬಿಲ್ ತುಂಬೂ ಕಡೀ ದಿನಾನ ನಿಮ್ಮ ಫೋನಿನಿಂದ ಟಿ.ವಿ. ರೀಚಾರ್ಜ್ ಆಗೈತಲ್ರಿ?"

ಬಗ್ಗಿ ನೋಡಿದೆ. ಆಗಿತ್ತು. ಕೆಳಗೆ ನಾನೇ ಎಳೆದ ಕೆಂಪು ಗೆರೆಯೂ ಇತ್ತು. ನಾನು ತಪ್ಪದೆ ನೋಡುವ ಧಾರಾವಾಹಿಯಲ್ಲಿ ಆ ವಾರ ತಾಳಿ ಕಟ್ಟುವ ಹೊತ್ತಿಗೆ ಮದುವೆ ನಿಂತುಹೋಗಿತ್ತು. ನನ್ನ ಎಡಗೈ ಹೆಬ್ಬೆರಳಿಗೆ ಎಲ್ಲಿಂದ ಬಲ ಬಂತೋ ದೇವರೇ ಬಲ್ಲ. ಸಾಹೇಬರು ಪೆನ್ನು ಹಿಡಿದು ಕಾಯುತ್ತಿದ್ದರು.

"ಇದಕ್ಕ ಏನಂತ ಬರೀಲ್ರಿ?"

ಇಷ್ಟು ದೂರ ಬಂದು ಹಿಂದೆ ಸರಿಯುವ ಹೆಣ್ಣೇ ನಾನು? ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

"ಔಷಧ ಅಂತ ಬರಕೊಳ್ರಿ. ನಾ ಆರಾಮ ಆಗಿದ್ದು ಅದರಿಂದನ."