ಕಣ್ಣು ಮಂಜಾದ ಯಂತ್ರ ಮಹಾಶಯರಿಗೆ

ಮಾನ್ಯ ಖರ್ಜೂರ ವಿಂಗಡಣೆ ಯಂತ್ರ ಮಹಾಶಯರೇ,

ತೋಝರ್ ಊರಿನ ನಮ್ಮ ಖರ್ಜೂರ ಕಾರ್ಖಾನೆಯಲ್ಲಿ ಎ.ಸಿ. ಕೋಣೆ ಪಡೆದಿರುವ ಏಕೈಕ ಕೆಲಸಗಾರರಾದ ತಮಗೆ, ಪಕ್ಕದ ಹಬೆಮನೆಯಲ್ಲಿ ಬೆವರು ಸುರಿಸುತ್ತ ಖರ್ಜೂರ ಮೆದುಗೊಳಿಸುವ ಹೆಂಗಸರೆಲ್ಲರ ಪರವಾಗಿ ಮಬ್ರೂಕಾಳ ಬೆಚ್ಚನೆಯ ವಂದನೆಗಳು.

ತಾವು ಬಹಳ ಸೂಕ್ಷ್ಮ ಪ್ರಕೃತಿಯವರಾದ್ದರಿಂದ ಹೆಂಗಸರು ತಮ್ಮ ಕೋಣೆಗೆ ಕಾಲಿಡಬಾರದೆಂದು ಮೇಲ್ವಿಚಾರಕ ಲಝರ್ ಸಾಹೇಬರು ಹೇಳಿದ್ದನ್ನು ನಾವು ಗೌರವಿಸುತ್ತಲೇ ಬಂದಿದ್ದೇವೆ. ಆದರೆ ಬಾಗಿಲು ತೆರೆದಾಗಲೆಲ್ಲ ನಮ್ಮ ಹಬೆ ಒಳನುಗ್ಗಿ, ತಮ್ಮ ತಣ್ಣನೆಯ ಕ್ಯಾಮೆರಾ ಕಣ್ಣಿಗೆ ಮಂಜು ಕವಿದು, ತಾವು ಒಳ್ಳೆಯ ಹಣ್ಣನ್ನೂ ಕೊಳೆತದ್ದೆಂದು ಎಸೆಯತೊಡಗಿದಿರಿ. ಇದು ಹಬೆಯ ಕೆಲಸ ಎಂದು ನಾವು ಹೇಳಿದಾಗ, ರಾಜಧಾನಿಯಿಂದ ತಂತ್ರಜ್ಞರು ಬಂದು ಹೇಳುವವರೆಗೆ ಅದು ಹಬೆಯಲ್ಲ ಎಂಬ ಉತ್ತರ ಬಂತು.

ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋಗಿದ್ದಾಗ ತಾವು ಪೂರ್ತಿ ಕುರುಡಾದಿರಿ. ಮದುವೆಗೆಂದು ಕೊಂಡು ಗೆಳತಿಯರಿಗೆ ತೋರಿಸಲು ತಂದಿದ್ದ ಹೇರ್ ಡ್ರೈಯರ್ ಹಿಡಿದು ನಾನು ಒಳಬಂದು, ತಮ್ಮ ಕಣ್ಣಿಗೆ ಬಿಸಿಗಾಳಿ ಊದಿದ್ದು, ಮಂಜು ಕರಗಿ ತಮಗೆ ದೃಷ್ಟಿ ಮರಳಿದ್ದು ನೆನಪಿರಬಹುದು. ಹಿಂದಿರುಗಿದ ಸಾಹೇಬರು, "ಯಾರ್ರೀ ಒಳಗೆ ಬಂದಿದ್ದು? ಯಂತ್ರಕ್ಕೆ ಏನಾದ್ರೂ ಆದ್ರೆ?" ಎಂದು ಕೂಗಿದಾಗ ನಮ್ಮ ಹಬೆಮನೆಯ ಹಿರಿಯಳು ಹನಿಯಕ್ಕ, "ಆಗಿತ್ತಲ್ಲ ಸಾಹೇಬ್ರೇ, ಈಗ ಸರಿಹೋಯ್ತು" ಎಂದಳು.

ಆ ಧೈರ್ಯದಲ್ಲೇ ನಾನು ಯಂತ್ರ ಚಾಲಕರ ಕೆಲಸ ಕೇಳಿದೆ. "ನೀನು ಊದಿದ್ದು ಹೇರ್ ಡ್ರೈಯರ್ ಕಣಮ್ಮ, ಅದನ್ನೆಲ್ಲ ತಂತ್ರಜ್ಞಾನ ಅನ್ನಕ್ಕಾಗುತ್ತಾ?" ಎಂದರು ಸಾಹೇಬರು. ಮರುದಿನ ಅದೇ ಡ್ರೈಯರನ್ನು ಅವರು ಕ್ಯಾಮೆರಾ ಮುಂದಿನ ಕಬ್ಬಿಣದ ಸರಳಿಗೆ ತಂತಿಯಲ್ಲಿ ಬಿಗಿದ ಕೂಡಲೇ ಅದು 'ಬಿಸಿಗಾಳಿ ವ್ಯವಸ್ಥೆ'ಯಾಗಿ, ಕಚೇರಿಯ ಗೋಡೆಯ ಮೇಲೆ ಅವರ ಜೊತೆ ಫೋಟೋದಲ್ಲಿ ನಿಂತಿತು. ಚಾಲಕರ ಕೆಲಸ, ನಾನು ಬಿಸಿಗಾಳಿ ಊದುತ್ತಿದ್ದ ಹೊತ್ತಿಗೆ ಮಸೀದಿಯಲ್ಲಿ ಭಕ್ತಿಯಿಂದ ಕೂತಿದ್ದ ಅವರ ಸೋದರಳಿಯನಿಗೆ ಸಿಕ್ಕಿತು. ದೂರದಿಂದಲೇ ರಿಪೇರಿ ಮಾಡುವ ಇಂಥ ಪ್ರತಿಭೆಗೆ ನಮ್ಮ ಅಭಿನಂದನೆಗಳು.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಕಣ್ಣು ಮಂಜಾಗುವುದಿದ್ದರೆ ದಯವಿಟ್ಟು ಗಂಡಸರು ಹಾಜರಿರುವ ಹೊತ್ತಿನಲ್ಲೇ ಆಗಲಿ. ಒಳ್ಳೆಯದನ್ನೂ ಕೊಳೆತದ್ದನ್ನೂ ಬೇರ್ಪಡಿಸುವ ತಮ್ಮ ವಿದ್ಯೆಯನ್ನು ಬಿಡುವಾದಾಗ ಕಚೇರಿಯವರಿಗೂ ಸ್ವಲ್ಪ ಕಲಿಸಿಕೊಡಿ.

ಹಬೆಯ ಈಚೆಯಿಂದಲೇ ತಮ್ಮ ವಿಶ್ವಾಸಿ,
ಮಬ್ರೂಕಾ

ತಾ.ಕ.: ಡ್ರೈಯರ್ ನನ್ನ ಮದುವೆಯ ಸಾಮಾನು. ನಾನು ಒಳಗೆ ಬರುವಂತಿಲ್ಲವಾದ್ದರಿಂದ ನಾಳೆ ಲಝರ್ ಸಾಹೇಬರೇ ಅದನ್ನು ಬಿಚ್ಚಿ ಬಾಗಿಲಿಗೆ ತಂದುಕೊಡಬೇಕಾಗುತ್ತದೆ. ಮತ್ತೆ ಬೇಕೆನಿಸಿದರೆ ಖಂಡಿತ ಬರುತ್ತದೆ. ಆದರೆ ನನ್ನ ಕೈಯಲ್ಲೇ, ಅದೇ ಬಾಗಿಲಿನಿಂದ, ಚಾಲಕಿಯ ಸಂಬಳಕ್ಕೆ.